ವರ್ಷದ ಸಂಬಳ, ತಿಂಗಳ ಕಂತು

ಕಾಲೇಜಿನ ಸೀಟು ಸಲಹೆಗಾರ ಬೆಳಗ್ಗೆ ಕುರ್ಚಿಯಲ್ಲಿ ಕೂರುವ ಮೊದಲು ಗೋಡೆಯ ಮೇಲಿನ ಒಂದೇ ಒಂದು ಫೋಟೋದ ಗಾಜು ಒರೆಸುತ್ತಾನೆ. ಜ್ವರ ಬಂದರೂ ತಪ್ಪಿಸುವುದಿಲ್ಲ. ಕಂಪ್ಯೂಟರ್ ಸೈನ್ಸ್ ಓದಿ ವರ್ಷಕ್ಕೆ ನಲವತ್ತು ಲಕ್ಷ ಸಂಬಳ ಗಿಟ್ಟಿಸಿದ ಹುಡುಗನ ಫೋಟೋ ಅದು. ಅವನ ಜೊತೆ ಓದಿದ ಉಳಿದ ನೂರಾ ಹತ್ತೊಂಬತ್ತು ಮಂದಿ ಏನಾದರೆಂದು ಗೋಡೆ ಹೇಳುವುದಿಲ್ಲ. ಸಲಹೆಗಾರ ಸಂಬಳವನ್ನು ಯಾವಾಗಲೂ ವರ್ಷದ ಲೆಕ್ಕದಲ್ಲಿ ಹೇಳುತ್ತಾನೆ, ಸಾಲದ ಕಂತನ್ನು ತಿಂಗಳ ಲೆಕ್ಕದಲ್ಲಿ; ಇಲಿಯನ್ನು ಭೂತಗನ್ನಡಿಯಲ್ಲೂ ಹುಲಿಯನ್ನು ದೂರದಿಂದಲೂ ತೋರಿಸುವ ಜಾಣತನ. "ನಲವತ್ತು ಲಕ್ಷ ಎಲ್ಲಿ, ಇಪ್ಪತ್ತು ಸಾವಿರ ಎಲ್ಲಿ, ನೀವೇ ಹೇಳಿ ಅಕ್ಕಾ!" ಎಷ್ಟು ವರ್ಷ ಕಟ್ಟಬೇಕೆಂದು ಯಾರಾದರೂ ಕೇಳಿದರೆ, "ಅಯ್ಯೋ, ಮಗಳ ಮೇಲೆ ನಂಬಿಕೆ ಇಲ್ವಾ ನಿಮಗೆ?" ಎನ್ನುತ್ತಾನೆ. ಬಟ್ಟೆ ಹೊಲಿಯುವ ತಾಯಿಯೊಬ್ಬಳು ಅಷ್ಟಕ್ಕೇ ನಾಚಿ ಸಹಿ ಹಾಕಿದ್ದುಂಟು. ತಾನು ಒಂದೂ ಸುಳ್ಳು ಹೇಳುವುದಿಲ್ಲವೆಂದು ದೇವರ ಆಣೆ ಇಡುತ್ತಾನೆ. ದೇವರಿಗೆ ಲೆಕ್ಕ ಬರುವುದಿಲ್ಲವೆಂದು ತಿಳಿದಿದ್ದಾನೆ, ಪಾಪ. ಅಂದಹಾಗೆ ಅವನೂ ಇದೇ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸೇ ಓದಿದವನು. ಕೆಲಸ ಸಿಕ್ಕವರ ಪಟ್ಟಿಯಲ್ಲಿ ಅವನೂ ಒಬ್ಬ. ಸಿಕ್ಕ ಕೆಲಸ ಇದೇ ಮೇಜು. ಒಂಬತ್ತು ವರ್ಷವಾದರೂ ಅರ್ಧ ಸಂಬಳ ಇನ್ನೂ ಓದಿನ ಸಾಲಕ್ಕೇ ಹೋಗುತ್ತದೆ. ಮೊನ್ನೆ ಪ್ರಿನ್ಸಿಪಾಲರು ಅವನ ದುಡಿಮೆ ಮೆಚ್ಚಿ ಮೇಜಿನ ಹತ್ತಿರವೇ ಬಂದು, "ನಿನ್ನ ತಂಗಿಗೂ ಕಂಪ್ಯೂಟರ್ ಸೈನ್ಸ್ ಸೀಟು ಕೊಡ್ತೀನಪ್ಪ. ಅರ್ಧ ಫೀಸು ಸಾಕು, ಅದಕ್ಕೂ ಸಾಲ ಸಿಗುತ್ತೆ," ಎಂದರು. ಹೊರಗಿನ ಬೆಂಚಿನಲ್ಲಿ ಮುಂದಿನ ತಾಯಿ ಕಾಯುತ್ತಿದ್ದಳು. ಅವನು ಎದ್ದು ಬಾಗಿಲು ಮುಚ್ಚಿ ಬಂದು, "ಬೇಡ ಸಾರ್," ಎಂದು ದನಿ ತಗ್ಗಿಸಿದ, "ಅವಳು ನನ್ನ ಸ್ವಂತ ತಂಗಿ."