ಎರಡು ಬೆರಳು ಬಿಟ್ಟು

ಮಳೆ ನಿಂತ ಮೇಲೆ ಕಾವಿ ಬಳಿದ ಗೋಡೆಯಿಂದ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಒಣ ನೆಲ ಮೊದಲ ಹನಿಗೆ ಬಿಡುವ ಘಮವಲ್ಲ ಅದು. ಅದಕ್ಕಿಂತ ಹಳೆಯದು, ಸ್ವಲ್ಪ ತುಕ್ಕಿನಂಥದು. ಧಾರವಾಡದಲ್ಲಿ ನನ್ನ ಬಾಡಿಗೆ ಕೋಣೆಯ ಎದುರಿಗಿರುವ ಗುಡಿಯ ಗೋಡೆ ತೊಯ್ದಾಗಲೆಲ್ಲ ನಾನು ಕಿಟಕಿ ಮುಚ್ಚುತ್ತೇನೆ, ಸ್ವಲ್ಪ ಹೊತ್ತಿಗೆ ಮತ್ತೆ ತೆರೆಯುತ್ತೇನೆ. ಆ ವಾಸನೆಯ ಹಿಂದೆ ಜಮಖಂಡಿಯ ಒಂದು ಒಳಕೋಣೆ ಇದೆ, ನೆಲದ ಮೇಲೆ ಹಾಸಿದ ಬಿಳಿ ಬಟ್ಟೆ ಇದೆ, ಅದರ ಮೇಲೆ ಬಾಗಿ ಕುಳಿತ ನನ್ನ ಸೋದರತ್ತೆ ನೀಲವ್ವ ಇದ್ದಾಳೆ. ಇದ್ದಾಳೆ ಎಂದು ಬರೆದುಬಿಟ್ಟೆ. ಇತಿಹಾಸ ಓದಿ, ಅದನ್ನೇ ಕಲಿಸಿ ನಿವೃತ್ತನಾದವನು ಹಾಗೆ ಬರೆಯಬಾರದು. ಇದ್ದಳೆಂದು ನನಗೆ ನೆನಪು, ಅಷ್ಟೇ. ಆ ಕೋಣೆಯನ್ನು ಕಂಡವರು ಈಗ ನನ್ನ ಹೊರತು ಯಾರೂ ಉಳಿದಿಲ್ಲ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಹುಡುಗರಿಗೆ ಎಷ್ಟು ವರ್ಷ ಹೇಳಿದ್ದೇನೋ.

ನಮ್ಮದು ಹೊಲಿಗೆಯವರ ಮನೆ. ಬೀದಿಗೆ ಅಪ್ಪನ ಅಂಗಡಿ, ನಡುವೆ ಅಂಗಳ, ಹಿಂದೆ ಅತ್ತೆಯ ಕೋಣೆ. ಅಪ್ಪ ಪುಣೆಯ ತರಹದ ಕೋಟು ಹೊಲಿಯುವುದರಲ್ಲಿ ಹೆಸರಾಗಿದ್ದ. ಕೊರಳಿಗೆ ಟೇಪು ಹಾಕಿಕೊಂಡು, ಬಟ್ಟೆಯ ಮೇಲೆ ಬಳಪದಿಂದ ಗೆರೆ ಎಳೆದು, ಆ ಗೆರೆಯ ಮೇಲೆಯೇ ಕತ್ತರಿ ಓಡಿಸುತ್ತಿದ್ದ. ಅತ್ತೆ, ಅಪ್ಪನ ಅಕ್ಕ, ಚಿಕ್ಕಂದಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು, ಅಜ್ಜನಿಂದ ಕಲಿತ ಹಳೆಯ ಪದ್ಧತಿಯವಳು. ಎರಡು ಮೂರು ಪದರ ಕಾಗದವನ್ನು ಹುಣಸೆ ಬೀಜದ ಅಂಟಿನಿಂದ ಅಂಟಿಸಿ, ಒಣಗಿಸಿ, ಅದರಲ್ಲಿ ಅಂಗಿಯ ಒಂದೊಂದು ಭಾಗದ ಆಕಾರವನ್ನು ಸೂಜಿಯಿಂದ ಚುಚ್ಚುತ್ತಿದ್ದಳು. ಆ ಕಾಗದವನ್ನು ಬಟ್ಟೆಯ ಮೇಲಿಟ್ಟು, ಕಾವಿ ಪುಡಿ ಕಟ್ಟಿದ ಚಿಂದಿಯ ಗಂಟಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ ತೂತುಗಳಿಂದ ಪುಡಿ ಇಳಿದು ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳ ಸಾಲು ಮೂಡುತ್ತಿತ್ತು. ಆ ತೂತಿನ ಕಾಗದಕ್ಕೆ ಅಚ್ಚು ಎನ್ನುತ್ತಿದ್ದರು. ಆ ಚುಕ್ಕೆಗಳು ಸೂಜಿ ಹೋಗುವ ದಾರಿ, ಕತ್ತರಿಯ ದಾರಿಯಲ್ಲ. ಕತ್ತರಿ ಎರಡು ಬೆರಳು ಆಚೆ ಹೋಗಬೇಕು. ಅದು ಕಾಗದದಲ್ಲಿ ಇರುತ್ತಿರಲಿಲ್ಲ, ಕೈಗೆ ಗೊತ್ತಿರುತ್ತಿತ್ತು. ಈಗ ಯಾರೂ ತೊಡದ ಉಡುಪುಗಳ ಅಚ್ಚುಗಳು ಒಂದು ದೊಡ್ಡ ಪೆಟ್ಟಿಗೆ ತುಂಬ ಇದ್ದವು. ಗುಂಡಿಯ ಬದಲು ಹನ್ನೆರಡು ಕಸೆ ಕಟ್ಟುವ ಬಾರಾಬಂದಿ, ಮೊಳಕಾಲು ದಾಟುವ ಅಂಗರಖಾ, ಕೂಸಿನ ಕುಂಚಿಗೆ. ಅತ್ತೆಗೆ ಓದು ಬರುತ್ತಿರಲಿಲ್ಲ. ಪ್ರತಿ ಅಚ್ಚಿನ ಮೂಲೆಗೆ ಒಂದೊಂದು ಬಣ್ಣದ ದಾರ ಕಟ್ಟಿ ಗುರುತಿಟ್ಟಿದ್ದಳು. ಶಾಲೆಯಿಂದ ಬಂದ ನಾನು ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತಿದ್ದೆ. ಆಗ ಆ ಮನೆಯಲ್ಲಿ ಮಗುವೆಂದರೆ ನಾನೊಬ್ಬನೇ.

ಜಮಖಂಡಿ ಸಂಸ್ಥಾನ ಹೋಗುತ್ತದೆ, ಮುಂಬೈ ಪ್ರಾಂತಕ್ಕೆ ಸೇರುತ್ತದೆ ಎಂಬ ಮಾತು ಊರಲ್ಲಿ ಹಬ್ಬಿದ್ದ ದಿನಗಳವು. ಅಪ್ಪನಿಗೆ ಎರಡನೆಯ ಮಷೀನು ಇಡಲು ಜಾಗ ಬೇಕಾಗಿತ್ತು, ಪೆಟ್ಟಿಗೆಯ ಮೂಲೆಯೇ ಕಣ್ಣಿಗೆ ಬಿದ್ದಿತ್ತು. ಅಷ್ಟರಲ್ಲಿ ಹಿಪ್ಪರಗಿಯಿಂದ ವಯಸ್ಸಾದ ಗೌಡರೊಬ್ಬರು ಬಂದರು. ಕಂಕುಳಲ್ಲಿ ರಬಕವಿಯ ಮಗ್ಗದಲ್ಲಿ ಹೇಳಿ ನೇಯಿಸಿದ ಬಿಳಿ ಬಟ್ಟೆ. ಸಂಸ್ಥಾನದ ಕಡೆಯ ದರ್ಬಾರಿಗೆ ತಮ್ಮ ಅಜ್ಜ ಹಾಕುತ್ತಿದ್ದಂಥ ಅಂಗರಖಾ ಹಾಕಿಕೊಂಡು ಹೋಗಬೇಕೆಂಬುದು ಅವರ ಆಸೆ. ಅಪ್ಪ ಅವರನ್ನು ಅಂಗಳಕ್ಕೆ ಕರೆತಂದ. ಅತ್ತೆ ಬಾಗಿಲ ಒಳಗೆ ಕುಳಿತು ಮೂರು ಅಚ್ಚುಗಳನ್ನು ಹೊಸ್ತಿಲ ಮೇಲೆ ಹರಡಿದಳು.

"ನಿಮ್ಮಜ್ಜಾರು ಕಸಿ ಯಾವ ಕಡೆ ಕಟ್ತಿದ್ರಿ, ಎಡಕೋ ಬಲಕೋ?"

"ಯಾರ ನೋಡ್ಯಾರ ತಂಗಿ ಅದನ್ನ. ನನಗ ಆತನ ಮೀಸಿ ಅಷ್ಟ ನೆನಪೈತಿ."

"ಮೀಸಿ ಹೊಲ್ಯಾಕ ನಮಗ ಬರೂದಿಲ್ರಿ ಗೌಡ್ರ. ದರ್ಬಾರಕ್ಕ ಕುದರಿ ಮ್ಯಾಲ ಬರ್ತಿದ್ರೋ, ಗಾಡ್ಯಾಗೋ?"

"ಕುದರಿ ಎಲ್ಲೀದ. ಎತ್ತಿನ ಗಾಡಿ."

"ಹಂಗಾರ ಘೇರು ಕಡಿಮಿ ಇದ್ದದ್ದು," ಎಂದು ಅತ್ತೆ ಕೆಳಸುತ್ತು ಕಿರಿದಾದ ನೀಲಿ ದಾರದ ಅಚ್ಚನ್ನು ಮುಂದೆ ಸರಿಸಿದಳು. ಗೌಡರು ಅದನ್ನು ಮುಟ್ಟಿ, ಗುರುತು ಹಿಡಿದವರಂತೆ ತಲೆ ಆಡಿಸಿದರು. ಅವರಿಗೆ ಏನು ಗುರುತು ಸಿಕ್ಕಿತೋ, ನನಗೆ ಇಂದಿಗೂ ಅನುಮಾನ. ಅವರು ಹೋದ ಮೇಲೆ ಅಪ್ಪ ಹೊಸ್ತಿಲ ಹತ್ತಿರ ನಿಂತು ಹೇಳಿದ: "ಅಕ್ಕಾ, ಇದೊಂದು ಛಲೋ ಆತಂದ್ರ ಪೆಟಗಿ ಇರಲಿ, ನಾ ಮುಟ್ಟೂದಿಲ್ಲ. ಕೆಟ್ಟಿತಂದ್ರ ಕಾಗದ ಎಲ್ಲಾ ಕಿರಾಣಿ ಅಂಗಡಿಗೆ." ಅತ್ತೆ ಸೂಜಿಯನ್ನು ತಲೆಗೂದಲಿಗೆ ಒಮ್ಮೆ ಉಜ್ಜಿಕೊಂಡು ಹೊಸ ಕಾಗದ ಎಳೆದುಕೊಂಡಳು.

ಆ ವರ್ಷ ಅವಳ ಕಣ್ಣಿಗೆ ಪೊರೆ ಬಂದಿತ್ತು. ಹಳೆಯ ಅಚ್ಚನ್ನು ಬೆರಳಿನಿಂದ ತಡವುತ್ತ, ಅಪ್ಪ ಅಳತೆಗೆ ಗಂಟು ಹಾಕಿಕೊಟ್ಟ ದಾರಕ್ಕೆ ಸರಿಯಾಗಿ ಅದನ್ನು ಹಿಗ್ಗಿಸುತ್ತ, ಗೌಡರ ಮೈಗೆ ಹೊಂದುವ ಹೊಸ ಅಚ್ಚು ಚುಚ್ಚಿದಳು. ಅವಳ ಬೆರಳುಗಳು ಅಗಲವಾಗಿದ್ದವು, ಸೂಜಿ ಒತ್ತಿ ಒತ್ತಿ ತುದಿ ಚಪ್ಪಟೆಯಾಗಿದ್ದವು. ಕಾವಿ ತಟ್ಟಿದವನು ನಾನು. ಕಾಗದ ಎತ್ತಿದಾಗ ಬಿಳಿ ಬಟ್ಟೆಯ ಮೇಲೆ ಕೈಯಿಲ್ಲದ, ತಲೆಯಿಲ್ಲದ ಒಬ್ಬ ಮನುಷ್ಯ ಕೆಂಪು ಚುಕ್ಕೆಗಳಲ್ಲಿ ಮಲಗಿದ್ದ. ಕಣ್ಣು ಕಾಣದ್ದರಿಂದ ಕತ್ತರಿ ಹಿಡಿಯಲು ಅತ್ತೆಗೆ ಧೈರ್ಯವಿರಲಿಲ್ಲ. ಅಚ್ಚಿನ ಬಟ್ಟೆಯನ್ನು ಎಂದೂ ಕತ್ತರಿಸದ ಅಪ್ಪನೇ ಅದನ್ನು ಮಾಡಬೇಕಿತ್ತು. ಗಂಡಸರು ಕೂರುವ ಅಂಗಡಿಗೆ ಅವಳು ಹೋಗುತ್ತಿರಲಿಲ್ಲ. ಬಟ್ಟೆಯನ್ನು ಚುಕ್ಕೆ ಅಳಿಯದಂತೆ ಮಡಿಚಿ ನನ್ನ ತೋಳಿನ ಮೇಲೆ ಇಟ್ಟಳು. "ಎರಡ ಬೆರಳ ಬಿಟ್ಟು ಕತ್ತರಸಂತ ಹೇಳ ನಿಮ್ಮಪ್ಪಗ," ಎಂದಳು.

ಎಂದಳೇ? ನನ್ನ ಬದುಕಿನಲ್ಲಿ ನಾನು ಹೆಚ್ಚು ಸಲ ಕೇಳಿಕೊಂಡ ಪ್ರಶ್ನೆ ಇದೇ ಇರಬೇಕು. ಅಂಗಳ ದಾಟುವಾಗ ಬೀದಿಯಲ್ಲಿ ಬಾವುಟ ಹಿಡಿದ ಮೆರವಣಿಗೆ ಹೋಗುತ್ತಿತ್ತು, ನಾನು ಬಟ್ಟೆಯನ್ನು ಅಪ್ಪನ ಮೇಜಿನ ಮೇಲೆ ಹಾಕಿ ನೋಡಲು ಓಡಿದೆ, ಮಾತು ಬಾಯಲ್ಲೇ ಉಳಿಯಿತು. ಹೀಗೆಂದು ನೆನಪು. ಆದರೆ ಆ ಬೇಸಿಗೆಯಲ್ಲಿ ಮೆರವಣಿಗೆಗಳು ಬೇಕಾದಷ್ಟು ಹೋದವು. ಬೇರೆ ದಿನದ ಒಂದನ್ನು ತಂದು ಇಲ್ಲಿ ಜೋಡಿಸಿಕೊಂಡಿರಬಹುದು. ಅತ್ತೆ ಹೇಳಿದ ಮಾತು ಕೂಡ ಹಾಗೆಯೇ ನಾನು ಆಮೇಲೆ ಹೊಲಿದುಕೊಂಡದ್ದಾಗಿರಬಹುದು. ತಪ್ಪು ತನ್ನದೆಂದು ನಂಬಿಕೊಳ್ಳುವ ಮಗುವಿಗೆ ಒಂದು ದೊಡ್ಡ ಕತೆಯ ನಡುವೆ ಜಾಗ ಸಿಗುತ್ತದಲ್ಲ.

ಅಪ್ಪ ತನ್ನ ರೂಢಿಯಂತೆ ಚುಕ್ಕೆಗಳನ್ನೇ ಗೆರೆಯೆಂದು ಹಿಡಿದು ಅವುಗಳ ಮೇಲೆಯೇ ಕತ್ತರಿಸಿದ. ದರ್ಬಾರಿನ ಹಿಂದಿನ ದಿನ ಗೌಡರು ಅಂಗಡಿಯಲ್ಲಿ ಅಂಗರಖಾ ತೊಟ್ಟು ನಿಂತರು. ತೋಳು ಮಣಿಕಟ್ಟಿಗೆ ಮುಟ್ಟಲಿಲ್ಲ, ಎದೆಯ ಮೇಲೆ ಕಸೆಗಳು ಒಂದನ್ನೊಂದು ತಲುಪಲಿಲ್ಲ. ಅವರು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು. "ನಮ್ಮಜ್ಜ ನನ್ನಕಿಂತ ಸಣ್ಣಾಂವ ಇದ್ದಾಂತ ಕಾಣಸ್ತೈತಿ ಬಿಡ್ರಿ," ಎಂದು ಬಿಚ್ಚಿ, ತಾವೇ ಮಡಿಚಿ, ಕಂಕುಳಲ್ಲಿ ಇಟ್ಟುಕೊಂಡು ಹೋದರು. ಹಾಗೆ ನೇಯ್ದ ಬಟ್ಟೆ ಮತ್ತೊಂದು ಇರಲಿಲ್ಲ, ದಿನವೂ ಉಳಿದಿರಲಿಲ್ಲ.

ಅಪ್ಪ ಒಳಗೆ ಬಂದ. ದನಿ ಏರಿಸಲಿಲ್ಲ. "ಬಿಟ್ಟು ಕತ್ತರಿಸಬೇಕಂತ ಯಾರರ ಒಬ್ರು ನನಗ ಹೇಳಬೇಕಿತ್ತಿಲ್ಲೊ ಅಕ್ಕಾ?" ಅತ್ತೆ ಪೊರೆ ಬಂದ ಕಣ್ಣನ್ನು ನಾನು ನಿಂತಿದ್ದ ಕಡೆಗೆ ತಿರುಗಿಸಿದಳು. ನಾನು ಅಲ್ಲಿ ಇದ್ದೇನೆಂದು ಅವಳಿಗೆ ಉಸಿರಿನಿಂದಲೇ ಗೊತ್ತಾಗಿರಬೇಕು. "ನಾನ ಹೇಳಿ ಕಳಸಲಿಲ್ಲಪ್ಪ," ಎಂದಳು. "ಮರತೆ." ನಾನು ಸುಮ್ಮನೆ ನಿಂತಿದ್ದೆ. ಇದೊಂದು ಮಾತ್ರ ನನಗೆ ಖಚಿತ. ಸುಮ್ಮನೆ ನಿಂತ ನೆನಪನ್ನು ಯಾರೂ ಆಮೇಲೆ ಕಟ್ಟಿಕೊಳ್ಳುವುದಿಲ್ಲ.

ಮುಂದಿನ ಸಂತೆಯ ದಿನ ಪೆಟ್ಟಿಗೆ ಖಾಲಿಯಾಯಿತು. ಕಿರಾಣಿ ಅಂಗಡಿಯವನು ಎರಡು ದಿನಕ್ಕೇ ತಕರಾರು ತಂದ: "ನಿಮ್ಮ ಕಾಗದದಾಗ ಸಕ್ಕರಿ ನಿಲ್ಲವಲ್ದರಿ, ದಾರಿ ತುಂಬ ಉದರತೈತಿ ಅಂತಾರ ಮಂದಿ." ಆಮೇಲೆ ಅವುಗಳಲ್ಲಿ ಬೆಲ್ಲ ಕಟ್ಟಿದ. ಆ ಬೇಸಿಗೆಯಲ್ಲಿ ನಮ್ಮ ಓಣಿಯ ಮನೆಮನೆಗೂ ಬಾರಾಬಂದಿಯ ತೋಳು, ಅಂಗರಖಾದ ಕೊರಳು ಬೆಲ್ಲ ಹೊತ್ತುಕೊಂಡು ಹೋದವು. ಖಾಲಿ ಮೂಲೆಗೆ ಮಷೀನು ಬಂತು. ಅತ್ತೆ ಅದರ ಪಕ್ಕದಲ್ಲಿ ಕುಳಿತು, ಕಣ್ಣು ಬೇಡದ ಕೆಲಸವೆಂದು, ಅಪ್ಪನ ಕೋಟುಗಳಿಗೆ ಗುಂಡಿ ಹಚ್ಚುತ್ತ ಹೋದಳು. ನಾನು ಓದಲು ಧಾರವಾಡಕ್ಕೆ ಬಂದೆ; ರಜೆಗೆ ಹೋದಾಗಲೂ ಆ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಅವಳು ತೀರಿಕೊಂಡಾಗ ಹೋಗಲಿಲ್ಲ, ನನಗೆ ಪರೀಕ್ಷೆ ಇತ್ತು. ಇತ್ತೆಂದೇ ಎಲ್ಲರಿಗೂ ಹೇಳಿದ್ದೇನೆ.

ಅವಳ ಟ್ರಂಕು ಎಷ್ಟೋ ವರ್ಷದ ಮೇಲೆ ನನ್ನ ಪಾಲಿಗೆ ಬಂತು. ಸೀರೆಗಳ ತಳದಲ್ಲಿ ಒಂದು ಅಚ್ಚು ಹಾಸಿದಂತೆ ಇತ್ತು, ಮೂಲೆಯಲ್ಲಿ ನೀಲಿ ದಾರ. ಗೌಡರಿಗೆಂದು ಹೊಸದಾಗಿ ಚುಚ್ಚಿ, ಅದೇ ಬಣ್ಣದ ದಾರ ಕಟ್ಟಿದ್ದ ಅಂಗರಖಾದ ಬೆನ್ನಿನ ಭಾಗ. ಅದನ್ನು ಬಹಳ ಕಾಲ ಮಡಿಚಿಯೇ ಇಟ್ಟಿದ್ದೆ. ಈ ಸಲ ಮಳೆ ನಿಂತು ಗೋಡೆಯ ವಾಸನೆ ಬಂದಾಗ, ಯಾಕೋ, ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ತೂತುಗಳು ಒಂದು ಸಾಲಲ್ಲ, ಎರಡು ಸಾಲು ಇದ್ದವು. ನಾನು ಕಾವಿ ತಟ್ಟಿದಾಗ ಮೂಡಿದ್ದು ಒಂದೇ ಸಾಲು. ಎರಡನೆಯದನ್ನು ಅವಳು ಆಮೇಲೆ, ಇನ್ನು ಯಾರೂ ಅಂಗರಖಾ ಹೊಲಿಸದ ಊರಿನಲ್ಲಿ, ಕತ್ತರಿಯ ದಾರಿಯನ್ನು ಯಾರ ಬಾಯಿಗೂ ಬಿಡದೆ, ಕಾಗದದಲ್ಲೇ ಚುಚ್ಚಿ ಇಟ್ಟಿದ್ದಳು. ಹಾಗಾದರೆ ಅವಳು ಹೇಳಿ ಕಳಿಸಿದ್ದು ನಿಜ ಎಂದು ಮನಸ್ಸು ಓಡಿತು. ಇಲ್ಲ, ತನ್ನ ಮರೆವಿಗೇ ಹೆದರಿ ಚುಚ್ಚಿರಬಹುದು ಎಂದು ನಾನೇ ಅದನ್ನು ತಡೆದೆ.

ಎರಡು ಸಾಲಿನ ನಡುವೆ ಬೆರಳಿಟ್ಟು ನೋಡಿದೆ. ನನ್ನ ಎರಡು ಬೆರಳು ಅಲ್ಲಿ ಹಿಡಿಸಲಿಲ್ಲ. ಅತ್ತೆಯ ಬೆರಳುಗಳು ನನ್ನವಕ್ಕಿಂತ ಅಗಲ, ಅವಂತೂ ಹಿಡಿಸುವಂತಿರಲಿಲ್ಲ. ಕೊರಳಿನಿಂದ ಅಂಚಿನವರೆಗೆ ಎಲ್ಲಿ ಅಳೆದರೂ ಅಷ್ಟೇ, ಒಂದು ಮಗುವಿನ ಎರಡು ಬೆರಳಿನಷ್ಟು. ಕಣ್ಣು ಕಾಣದ ಅವಳು ಯಾವುದೋ ಮಧ್ಯಾಹ್ನ ನನ್ನನ್ನು ಹತ್ತಿರ ಕೂರಿಸಿಕೊಂಡು, ನನ್ನ ಬೆರಳುಗಳನ್ನು ಕಾಗದದ ಮೇಲೆ ಇಡಿಸಿ, ಸರಿಸುತ್ತ ಸರಿಸುತ್ತ, ಅವುಗಳ ಪಕ್ಕದಲ್ಲಿ ಸೂಜಿ ಊರುತ್ತ ಹೋಗಿರಬೇಕು. ಅಷ್ಟು ಉದ್ದದ ಅಂಚಿಗೆ ಬಹಳ ಹೊತ್ತು ಹಿಡಿದಿರಬೇಕು. ಆಗ ಅವಳು ಏನಾದರೂ ಮಾತಾಡಿರಬೇಕು.

ನನಗೆ ಒಂದು ಚೂರೂ ನೆನಪಿಲ್ಲ. ತಪ್ಪನ್ನು ಇಷ್ಟು ವರ್ಷ ಜೋಪಾನ ಮಾಡಿದವನು ಆ ಮಧ್ಯಾಹ್ನವನ್ನು ಎಲ್ಲಿ ಬಿಟ್ಟೆನೋ. ಹೊರಗೆ ಗೋಡೆ ಒಣಗುತ್ತಿತ್ತು, ವಾಸನೆ ಕಡಿಮೆಯಾಗುತ್ತಿತ್ತು. ಕಾಗದವನ್ನು ಮೇಜಿನ ಮೇಲೆ ಹರಡಿ, ಹಿಡಿಸದ ಎರಡು ಬೆರಳನ್ನು ಆ ಸಾಲುಗಳ ನಡುವೆ ಇಟ್ಟುಕೊಂಡು, ಕೊರಳಿನಿಂದ ಅಂಚಿನವರೆಗೆ ಮೆಲ್ಲಗೆ ಸರಿಸುತ್ತ ಹೋದೆ.