ಜೋಲಿ ಕಟ್ಟಿದ ಮರ

ಹುತ್ರಿದುರ್ಗದ ಕಾಡಿನಲ್ಲಿ ಎರಡು ವರ್ಷದ ಹಿಂದೆ ಹಳೇ ಮರಗಳನ್ನಷ್ಟೇ ಆರಿಸಿ ಕಡಿದಿದ್ದರು. ಕಾಡೇನೋ ಹಸಿರಾಗೇ ಇತ್ತು, ಆದರೆ ಗೂಡಿಗೆ ಪೊಟರೆಯಿಲ್ಲದೆ ಗಿಳಿಗಳು ಕಾಣೆಯಾದವು. ಉಳಿದದ್ದು ಒಂದೇ ಪೊಟರೆ ಮರ, ಅದರೊಳಗೆ ಗಿಳಿಮರಿಗಳು. ಹೋದ ವರ್ಷ ಅದಕ್ಕೂ ಕಡಿಯುವ ಗುರುತು ಬಿತ್ತು. ಸಸಿ ನೆಡುವ ಕೂಲಿಗೆ ಹೋಗಿದ್ದ ನಾನು ಬೇಕೆಂದೇ ಅದರ ಕೊಂಬೆಗೆ ಮಗನ ಜೋಲಿ ಕಟ್ಟಿದೆ.

ಮರ ಕಡಿಸುವ ಮೇಸ್ತ್ರಿ ಬಂದ. "ಜೋಲಿ ಬಿಚ್ಚವ್ವ, ಮರ ಕಡೀಬೇಕು."

"ಮಗ ಮಲಗವ್ನೆ. ಎದ್ದು ಅತ್ರೆ ನೀನು ಹಾಲು ಕುಡಿಸ್ತೀಯೇನಣ್ಣ?"

ಆಳುಗಳು ನಕ್ಕು ಕೊಡಲಿ ಕೆಳಗಿಟ್ಟರು. ಮಗು ಮಲಗಿರುವ ಜೋಲಿಯನ್ನು ನಮ್ಮ ಕಡೆ ಯಾರೂ ಬಿಚ್ಚುವುದಿಲ್ಲ. ಮರಿಗಳು ಹಾರುವವರೆಗೂ ದಿನಾ ಅಲ್ಲೇ ಕಟ್ಟಿದೆ. ಮೇಸ್ತ್ರಿ ಬೇಸತ್ತು ಆ ಮರ ಬಿಟ್ಟು ಹೋದ.

ಈ ವರ್ಷವೂ ಅಲ್ಲಿ ಗಿಳಿ ಗೂಡಿದೆ. ನೋಡಿದಾಗೆಲ್ಲ ನನಗೆ ಹೆಮ್ಮೆ. ಮರ ಉಳಿಸಿದ ಆ ನಿದ್ದೆಯನ್ನು ನನ್ನ ಮಗ ಮನೆಯಲ್ಲಿ ಮಾತ್ರ ಅರ್ಧ ಗಳಿಗೆಯೂ ಮಾಡುವುದಿಲ್ಲ.