ಬಿಚ್ಚದ ರೊಟ್ಟಿ ಗಂಟು

ದಸ್ತಗೀರ್ ಚಾಚಾ ಬಾಯಿಂದ ಗುಂಡುಸೂಜಿ ತೆಗೆದರೆಂದರೆ ಯಾರೋ ಪರದೇಶದ ಮಾತೆತ್ತಿದ್ದಾರೆ ಎಂದೇ ಅರ್ಥ. ಉಳಿದ ಯಾವ ಮಾತಿಗೂ ಅವರಿಗೆ ಸೂಜಿ ಅಡ್ಡ ಬರುತ್ತಿರಲಿಲ್ಲ. ತುಟಿಗಳ ನಡುವೆ ಸಾಲಾಗಿ ಸೂಜಿ ಕಚ್ಚಿಕೊಂಡೇ ಅಳತೆ ಹೇಳುವರು, ಗಿರಾಕಿಯ ಜೊತೆ ಜಗಳವಾಡುವರು, ಮಳೆಗೆ ನಿಂತುಹೋದ ಲೋಕಲ್ ರೈಲಿಗೆ ಶಾಪ ಹಾಕುವರು. ದುಬೈ ಎಂದೋ ಸೌದಿ ಎಂದೋ ಕಿವಿಗೆ ಬಿದ್ದಾಗ ಮಾತ್ರ ಸೂಜಿಗಳನ್ನು ಒಂದೊಂದಾಗಿ ತೆಗೆದು, ಮಣಿಕಟ್ಟಿಗೆ ಕಟ್ಟಿಕೊಂಡ ಸ್ಪಂಜಿಗೆ ಚುಚ್ಚಿ, ಬಾಯಿ ಖಾಲಿ ಮಾಡಿಕೊಂಡು ಶುರು ಹಚ್ಚುವರು.

"ಅಲ್ಲೇನದ್ರೀ ಅಕ್ಕಾರ? ಉಸುಕು! ಎತ್ತಾಗ ನೋಡಿದ್ರೂ ಉಸುಕು. ಗಿಡಾ ಇಲ್ಲ, ನೀರಿಲ್ಲ, ಮನಷ್ಯಾಗ ಕಿಮ್ಮತ್ತಿಲ್ಲ. ಹೋಗೂಮುಂದ ಪೈಲ್ವಾನ, ಬರೂಮುಂದ ಬರೇ ಎಲುಬು."

ಅಕ್ಕಾರ ಅಂದರೆ ನನ್ನ ಅಮ್ಮ. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ಚಾಚಾರ ಟೇಲರ್ ಅಂಗಡಿ. ಆಂಟಾಪ್ ಹಿಲ್‌ನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಇಬ್ಬರು ಟೇಲರುಗಳಿದ್ದರೂ ಅಮ್ಮ ಬ್ಲೌಸ್ ಪೀಸುಗಳನ್ನು ಹೊತ್ತು ಅಷ್ಟು ದೂರ ಹೋಗುತ್ತಿದ್ದದ್ದು ಕನ್ನಡದ ಆಸೆಗೆ. ಅಮ್ಮನದು ಮೈಸೂರಿನ ಕನ್ನಡ, ಚಾಚಾರದು ಇಂಡಿ ತಾಲೂಕಿನ ಕಡೆಯದು. "ನಿಮ್ ಮಾತು ನಂಗೆ ಅರ್ಧ ಅರ್ಥ ಆಗಲ್ಲ ಸಾಬ್ರೇ" ಎಂದು ಅಮ್ಮ ಹೇಳಿದರೆ, "ನಿಮ್ದು ನನಗ ಪೂರಾ ತಿಳೀತದ್ರೀ, ಆದ್ರ ಭಾಳ ಮೆತ್ತಗದ, ಹಲ್ಲಿಗೆ ಕೆಲಸಾನೇ ಇಲ್ಲ" ಎಂದು ನಗುವರು. ಅಮ್ಮನ ಸೆರಗು ಹಿಡಿದು ಹೋಗುತ್ತಿದ್ದ ನಾನು ಅವರಿಗೆ ಬೇಟಿಯಾದೆ, ಅವರು ನನಗೆ ಚಾಚಾ ಆದರು.

ಅಂಗಡಿಯಲ್ಲಿ ಎರಡು ಮಷೀನು. ಮುಂದಿನದು ಚಾಚಾರದು. ಹಿಂದಿನದರ ಮೇಲೆ ಅವರ ತಮ್ಮ ಹುಸೇನ್ ಬಗ್ಗಿರುತ್ತಿದ್ದರು. ಚಾಚಾ ಎಷ್ಟು ಮಾತುಗಾರರೋ ಹುಸೇನ್ ಅಷ್ಟೇ ಮೌನಿ. ಶೇರ್ವಾನಿಗೆ, ಕೋಟಿಗೆ ಕೈಯಿಂದ ಕಾಜಾ ತೆಗೆಯುವುದರಲ್ಲಿ ಆ ಗಲ್ಲಿಯಲ್ಲೇ ಅವರನ್ನು ಮೀರಿಸುವವರಿರಲಿಲ್ಲ. ಗುಂಡಿಯ ಆ ಸಣ್ಣ ಕಂಡಿಯ ಸುತ್ತ ದಾರ ಕೂರಿಸುವಾಗ ಅವರು ಉಸಿರನ್ನೂ ಹಿಡಿದುಕೊಳ್ಳುತ್ತಾರೆ ಅನ್ನಿಸುತ್ತಿತ್ತು.

ಈ ಹುಸೇನ್‌ಗೆ ಹರೆಯದಲ್ಲಿ ಮಸ್ಕತ್ತಿನ ಹೊಲಿಗೆ ಕಾರ್ಖಾನೆಯೊಂದರಿಂದ ಕರೆ ಬಂದಿತ್ತಂತೆ. ಪಾಸ್‌ಪೋರ್ಟ್ ಆಗಿತ್ತು, ವೀಸಾ ಕೂಡ ಬಂದಿತ್ತು. ಚಾಚಾ ಅಡ್ಡ ನಿಂತರು. ಅವರ ಊರಿನವನೊಬ್ಬ ಆ ಕಡೆಯಿಂದ ಕಾಯಿಲೆ ಹಿಡಿದು ಬಂದು ಹೆಚ್ಚು ದಿನ ಬದುಕಿರಲಿಲ್ಲ. ಅವನೊಬ್ಬನನ್ನು ನೋಡಿ ಚಾಚಾ ಸಮುದ್ರದಾಚೆಯ ಇಡೀ ಜಗತ್ತನ್ನು ತೀರ್ಮಾನ ಮಾಡಿಬಿಟ್ಟಿದ್ದರು. "ನೀ ಹೋದ್ರ ನನ್ನ ಮಣ್ಣಿಗೂ ಬರಬ್ಯಾಡ ಅಂದೆ ನೋಡ್ರಿ. ವೀಸಾದ ಮುದ್ದತ್ತು ಮುಗೀತು, ಇಂವಾ ಉಳದಾ!" ಎಂದು ಎಲ್ಲರೆದುರು ಹೇಳಿಕೊಳ್ಳುವರು. ತಮ್ಮನ ಜೀವ ಉಳಿಸಿದ್ದು ಅವರ ಬದುಕಿನ ದೊಡ್ಡ ಹೆಮ್ಮೆ. ಆ ಕಥೆ ಬಂದಾಗಲೆಲ್ಲ ಹುಸೇನ್ ಮಷೀನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರು.

ಇಷ್ಟೆಲ್ಲ ಆಡಿಕೊಂಡವರು ಕಡೆಗೆ ತಾವೇ ಮಸ್ಕತ್ತಿಗೆ ಹೊರಡಬೇಕಾಯಿತು. ಮಗಳು ಶಬಾನಾಳ ಮದುವೆಯಾದ ಮೇಲೆ ಅಳಿಯನಿಗೆ ಅಲ್ಲಿ ಎ.ಸಿ. ರಿಪೇರಿಯ ಕೆಲಸ ಸಿಕ್ಕಿತು. ತಮ್ಮನನ್ನು ತಡೆದಂತೆ ಅಳಿಯನನ್ನು ತಡೆಯಲಾದೀತೆ? ಮಗಳಿಗೆ ಮಗುವಾಯಿತು. ತಾಯಿಯಿಲ್ಲದ ಹುಡುಗಿ, ಅಪ್ಪನಾದರೂ ಬರಲಿ ಎಂದು ಫೋನಿನಲ್ಲಿ ಅತ್ತಳು. ಒಂದು ತಿಂಗಳ ಮಟ್ಟಿಗೆ ಎಂದು ಚಾಚಾ ಒಪ್ಪಿದರು.

ಹೊರಡುವ ದಿನ ಬೆಳಿಗ್ಗೆ ಅವರು ಸಾಂತಾಕ್ರೂಜ್‌ನ ನಮ್ಮ ಮನೆಗೆ ಬಂದರು. ಮದುವೆಯಾಗಿ ನಾನು ಸೇರಿದ ಮನೆಯಿಂದ ಏರ್‌ಪೋರ್ಟ್ ಹತ್ತಿರ, ಬಿಡಲು ನಾನೇ ಹೋಗುವುದೆಂದು ಮಾತಾಗಿತ್ತು. ಅವರ ಬ್ಯಾಗಿನಲ್ಲಿ ಬಟ್ಟೆಗಿಂತ ದೊಡ್ಡದಾಗಿ ಒಂದು ಗಂಟಿತ್ತು. ಹುಸೇನರ ಹೆಂಡತಿ ಬೀಬಿಜಾನ್ ತಟ್ಟಿ ಒಣಗಿಸಿ ಹಳೆಯ ಬಿಳಿ ಪಂಚೆಯಲ್ಲಿ ಬಿಗಿದು ಕಟ್ಟಿಕೊಟ್ಟ ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ.

"ಅಲ್ಲಿ ಊಟ ಸಿಗಲ್ವಾ ಚಾಚಾ?" ಎಂದೆ.

"ಏನ್ ಸಿಗತದ ಬೇಟಿ, ಉಸುಕು? ಜೀವಾ ಹಿಡಕೊಂಡು ತಿರುಗಿ ಬರಾಕ ಇಷ್ಟ ಸಾಕು."

ಏರ್‌ಪೋರ್ಟಿನ ಬಾಗಿಲಲ್ಲಿ ಯುದ್ಧಕ್ಕೆ ಹೊರಟವರ ಹಾಗೆ ನನ್ನ ತಲೆ ಸವರಿ ಒಳಗೆ ಹೋದರು.

ತಿಂಗಳು ಕಳೆದು ಬಂದಾಗಲೂ ಮೊದಲು ನಮ್ಮ ಮನೆಗೇ ಬಂದರು. ಮುಖ ತುಂಬಿಕೊಂಡಿತ್ತು. ಕೂತವರು ಚಹಾ ಆರಿಹೋಗುವ ತನಕ ಮಾತಾಡಿದರು. ಬೆಟ್ಟ ಬಂದು ಸಮುದ್ರದಲ್ಲಿ ಕಾಲಿಟ್ಟು ನಿಂತ ಊರಂತೆ. ರಸ್ತೆ ದಾಟಲು ಇವರು ಕಾರು ಹೋಗಲಿ ಎಂದು ನಿಂತರೆ, ಕಾರಿನವನು ಇವರು ದಾಟಲಿ ಎಂದು ನಿಂತನಂತೆ. ಇಬ್ಬರೂ ನಿಂತೇ ನಿಂತರು. ಕಡೆಗೆ ಇವರು ಅವನಿಗೊಂದು ಸಲಾಮು ಹೊಡೆದು ಓಡಿದರು. ಪಕ್ಕದ ಮನೆಯ ಮುದುಕ ಕರೆದು ಕೂರಿಸಿ, ಖರ್ಜೂರ ಕೊಟ್ಟು, ಪುಟ್ಟ ಬಟ್ಟಲಿಗೆ ಕಾಫಿ ಸುರಿದ. ಸಾಕಾದರೆ ಬಟ್ಟಲನ್ನು ಅಲ್ಲಾಡಿಸಬೇಕಂತೆ. ಇವರಿಗೆ ಗೊತ್ತಿಲ್ಲ. ಬೇಡವೆಂದರೆ ತಪ್ಪಾದೀತೆಂದು ಇವರು ಕುಡಿಯುತ್ತಲೇ ಹೋದರು, ಅವನು ಸುರಿಯುತ್ತಲೇ ಹೋದ. ಜೋಳದ ಹಿಟ್ಟು ಕೂಡ ಅಲ್ಲಿಯ ಅಂಗಡಿಯಲ್ಲೇ ಸಿಗುತ್ತದಂತೆ. ಮಗಳು ದಿನಾ ಬಿಸಿ ರೊಟ್ಟಿ ಹಾಕಿಕೊಟ್ಟಳು.

ನಾನು ನಕ್ಕೂ ನಕ್ಕೂ ಸುಸ್ತಾಗಿದ್ದೆ. ಚಾಚಾ ನಗುತ್ತಿಲ್ಲ ಎಂದು ಆಗ ಗಮನಿಸಿದೆ.

"ಆ ಊರು ಕೆಟ್ಟದ್ದಿದ್ರ ಛಲೋ ಆಗ್ತಿತ್ತು ಬೇಟಿ" ಎಂದರು.

ಬ್ಯಾಗಿನಿಂದ ಒಂದು ಟೋಪಿ ತೆಗೆದು ನನ್ನ ಕೈಗಿಟ್ಟರು. ಅಲ್ಲಿಯ ಗಂಡಸರು ಹಾಕುವ ಬಿಳಿಯ ದುಂಡು ಟೋಪಿ. ಮೈತುಂಬ ಸಾಸಿವೆಯಷ್ಟೇ ಸಣ್ಣ ತೂತುಗಳು, ಒಂದೊಂದು ತೂತಿನ ಸುತ್ತಲೂ ಕೈಹೊಲಿಗೆ. ಅಳಿಯನ ಜೊತೆ ಅವರು ಹೊಲಿಗೆಯವರ ಬೀದಿಗೆ ಹೋಗಿದ್ದರು. ನಮ್ಮ ಕಲಬುರಗಿ ಕಡೆಯವನೊಬ್ಬ ಅಲ್ಲಿ ಸ್ವಂತ ಅಂಗಡಿ ಇಟ್ಟಿದ್ದ, ಹೋಗಿ ನೆಲೆಯಾಗಿ ಬಹಳ ವರ್ಷವಾಗಿತ್ತು. ಹುಸೇನ್ ಹೋಗಬೇಕಿದ್ದ ಕಾಲಕ್ಕೇ ಹೋದವನು.

"ಇದು ಹುಸೇನನ ಕೈ ಮಾಡೂ ಕೆಲಸ. ಅವನ ಸಲುವಾಗೇ ಹುಟ್ಟಿದ ಕೆಲಸ. ನಾ ಇಲ್ಲಿ ಕೋಟಿಗೆ ಕಾಜಾ ತಗಸಿಕೋತ ಹಿಂದಿನ ಮಷೀನಿಗೆ ಕೂಡಿಸಿಬಿಟ್ಟೆ. ಅಲ್ಲಿ ಒಂದೊಂದು ತುತ್ತಿಗೂ ಅವನೇ ಎದುರಿಗೆ ಬರ್ತಿದ್ದ. ಉಳಿಸಿದೆ ಉಳಿಸಿದೆ ಅಂತ ಊರತುಂಬ ಡಂಗುರಾ ಹೊಡದ್ನಲ್ಲ, ಯಾವುದರಿಂದ ಉಳಿಸಿದೆ?"

ತಮ್ಮನಿಗೆಂದೇ ಕೊಂಡ ಟೋಪಿಯನ್ನು ಕೊಟ್ಟರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಅದನ್ನು ನನ್ನ ಕಪಾಟಿನಲ್ಲಿ ಇಡಲು ಹೇಳಿದರು. "ಹುಸೇನಗ ಏನೂ ಹೇಳಬ್ಯಾಡ. ಅಲ್ಲಿ ಛಲೋ ಇಲ್ಲ ಅಂತ ತಿಳಕೊಂಡೇ ಅವ ಜೀವನಾ ಸಾಗಿಸ್ಯಾನ. ಅದನ್ನೂ ಕಸಗೊಳ್ಳಲೇನು?"

ಟೋಪಿಯನ್ನು ಸೀರೆಗಳ ನಡುವೆ ಅಡಗಿಸಿದೆವು. ಇಬ್ಬರಿಗೂ ರೊಟ್ಟಿಯ ನೆನಪಾಗಲಿಲ್ಲ.

ಮುಂದಿನ ಶನಿವಾರ ಬ್ಲೌಸ್ ತರಲು ಅಂಗಡಿಗೆ ಹೋದೆ. ಮಧ್ಯಾಹ್ನ. ಚಾಚಾ ಒಬ್ಬ ಗಿರಾಕಿಗೆ ಮಸ್ಕತ್ತಿನ ವರ್ಣನೆ ಮಾಡುತ್ತಿದ್ದರು. "ಕ್ಯಾ ಬತಾವೂಂ ಸೇಠ್, ಖಾನೇ ಕೋ ಕುಛ್ ನಹೀಂ. ಗರ್ಮಿ ಔರ್ ರೇತ್, ಬಸ್." ತಿನ್ನಲು ಏನೂ ಇಲ್ಲ, ಬರೀ ಸೆಕೆ, ಉಸುಕು ಎಂಬ ಹಳೆಯದೇ ಮಾತು. ಆದರೆ ಈ ಸಲ ಸೂಜಿಗಳು ಬಾಯಲ್ಲೇ ಇದ್ದವು. ಮಾತು ಅವುಗಳ ಸಂದಿಯಿಂದ ಹೇಗೋ ನುಸುಳಿ ಬರುತ್ತಿತ್ತು. ನನ್ನನ್ನು ಕಂಡು ಕಣ್ಣು ತಪ್ಪಿಸಿದರು.

ಗಿರಾಕಿ ಹೋದ. ಹುಸೇನ್ ತಮ್ಮ ಮಷೀನಿನ ಕೆಳಗಿನಿಂದ ಆ ಬಿಳಿ ಪಂಚೆಯ ಗಂಟನ್ನು ತೆಗೆದು ಕಟಿಂಗ್ ಟೇಬಲ್ಲಿನ ಮೇಲಿಟ್ಟರು. ಅಣ್ಣತಮ್ಮ ತಮ್ಮೊಳಗೆ ಮಾತಾಡುತ್ತಿದ್ದದ್ದು ದಖ್ಖನಿ ಉರ್ದುವಿನಲ್ಲಿ. ಆವತ್ತು ಹುಸೇನ್ ಕನ್ನಡದಲ್ಲೇ ಮಾತಾಡಿದರು, ನನಗೂ ತಿಳಿಯಲಿ ಎಂದಿರಬೇಕು.

"ಭಾಯಿ, ನಿನ್ನ ಅರಿಬಿ ಒಗಿಯೂಮುಂದ ಬ್ಯಾಗಿನ್ಯಾಗ ಇದು ಸಿಕ್ಕದ. ಬೀಬಿಜಾನ್ ಹಾಕಿದ ಗಂಟು ಹಂಗೇ ಅದ. ತಿಂಗಳತನಕ ರೋಜಾ ಹಿಡದು ಉಪಾಸ ಇದ್ದೇನು?"

ಗಂಟನ್ನು ಬಿಚ್ಚಿದರು. ಅಂಚು ಮುರಿದದ್ದು ಬಿಟ್ಟರೆ ರೊಟ್ಟಿ ತಟ್ಟಿದ ಹಾಗೆಯೇ ಇತ್ತು. ಮಗಳ ಮನೆಯಲ್ಲಿ ಆ ಗಂಟು ಬಿಚ್ಚಲು ಚಾಚಾರಿಗೆ ನಾಚಿಕೆಯಾಗಿತ್ತು. ಅನ್ನವನ್ನು ಎಸೆಯುವ ಜನ ಅವರಲ್ಲ. ಹೊತ್ತುಕೊಂಡು ಹೋದದ್ದನ್ನು ಹಾಗೆಯೇ ಹೊತ್ತುಕೊಂಡು ಬಂದಿದ್ದರು.

ಚಾಚಾ ಸೂಜಿಗಳನ್ನು ತೆಗೆಯತೊಡಗಿದರು. ಒಂದು ಕೈತಪ್ಪಿ ಕೆಳಗೆ ಬಿತ್ತು. ಉಳಿದವನ್ನು ಒಂದೊಂದಾಗಿ ಸ್ಪಂಜಿಗೆ ಚುಚ್ಚಿದರು.

"ಛಲೋ ಇತ್ತು, ಹುಸೇನ್. ಭಾಳ ಛಲೋ ಇತ್ತು. ನಿನಗ ನಾ ಅನ್ಯಾಯ ಮಾಡಿದೆ."

ಹುಸೇನ್ ಒಂದು ರೊಟ್ಟಿ ಮುರಿದು ಅರ್ಧವನ್ನು ಅಣ್ಣನ ಮುಂದಿಟ್ಟರು.

"ನನಗ ಗೊತ್ತಿತ್ತು ಭಾಯಿ. ಹೋದವರು ಬಂದವರು ಎಲ್ಲಾ ಹೇಳ್ಯಾರ. ನಿನಗ ಗೊತ್ತಾಗಬಾರದು ಅಂತ ಇದ್ದೆ. ಅದಕ್ಕೇ ಶಬಾನಾ ನಿನ್ನ ಕರದಾಗ ಬೀಬಿಜಾನಗ ರೊಟ್ಟಿ ಭಾಳ ಹಾಕು ಅಂದಿದ್ದೆ. ಇದನ್ನೇ ತಿನಕೋತ, ಊರು ನೋಡದ, ಮನ್ಯಾಗ ಕುಂತು ಬರ್ತಿ ಅಂತ."

ಚಾಚಾ ಆ ಅರ್ಧ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಅತ್ತರು. ತಮ್ಮ ಬೈದಿದ್ದರೆ ತಡೆದುಕೊಳ್ಳುತ್ತಿದ್ದರೋ ಏನೋ. ನಾನು ಬ್ಲೌಸನ್ನು ಕೇಳದೆ ಎದ್ದು ಬಂದೆ.

ಟೋಪಿಯನ್ನು ಮಾರನೆಯ ವಾರ ಕೊಂಡೊಯ್ದು ಕೊಟ್ಟೆ. ಹುಸೇನ್ ಅದನ್ನು ತಿರುವಿ, ಒಳಗಿನ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಕೈ ಛಲೋ ಅದ" ಎಂದಷ್ಟೇ ಹೇಳಿದರು. ಅದಾದ ಮೇಲೆ ಪರದೇಶದ ಮಾತು ಬಂದರೆ ಚಾಚಾ ಸೂಜಿ ತೆಗೆಯುತ್ತಿರಲಿಲ್ಲ. ಕತ್ತರಿಯ ತುದಿಯಿಂದ ಹಿಂದಿನ ಮಷೀನನ್ನು ತೋರಿಸಿ, ಅವನನ್ನು ಕೇಳಿ ಎಂಬಂತೆ ಕತ್ತು ಆಡಿಸುತ್ತಿದ್ದರು. ಮಷೀನು ಅದಲುಬದಲು ಮಾಡೋಣ, ನೀನು ಮುಂದೆ ಕೂಡು ಎಂದು ತಮ್ಮನನ್ನು ಕಾಡಿದರಂತೆ. ಹುಸೇನ್ ಒಪ್ಪಲಿಲ್ಲ.

ಹೋದ ಮಳೆಗಾಲದಲ್ಲಿ ಚಾಚಾ ತೀರಿಕೊಂಡರು. ಸುದ್ದಿ ತಡವಾಗಿ ತಿಳಿದು ನಾನು ಅಂಗಡಿಗೆ ಹೋದಾಗ ಮುಂದಿನ ಮಷೀನಿಗೆ ಬಟ್ಟೆ ಹೊದಿಸಿತ್ತು. ಸೂಜಿ ಚುಚ್ಚಿದ ಸ್ಪಂಜು ಅದರ ಮೇಲೇ ಇತ್ತು. ಹುಸೇನ್ ಹಿಂದಿನ ಮಷೀನಿನ ಮೇಲೆ ಕೂತಿದ್ದರು, ತಲೆಯ ಮೇಲೆ ಆ ಬಿಳಿ ಟೋಪಿ. ಶಬಾನಾ ಚಿಕ್ಕಪ್ಪನಿಗೆ ಮಸ್ಕತ್ತಿಗೆ ಬಾ ಬಾ ಎಂದು ಫೋನ್ ಮಾಡುತ್ತಿದ್ದಾಳಂತೆ.

"ಹೋಗಿ ಬನ್ನಿ ಚಾಚಾ" ಎಂದೆ. ಅವರನ್ನು ಚಾಚಾ ಎಂದು ಕರೆದದ್ದು ಅದೇ ಮೊದಲು.

ಅವರು ಮುಂದಿನ ಮಷೀನಿನ ಕಡೆ ನೋಡಿದರು.

"ಹೋಗಬ್ಯಾಡ ಅನ್ನಾವ ಇಲ್ಲ ಈಗ. ಹೋಗಾಕ ಮನಸಾಗವಲ್ದು, ಬೇಟಿ."